ಕಲ್ಲುಸಕ್ಕರೆ ಕರಗುವವರೆಗೆ

ನಮ್ಮ ಪಕ್ಕದ ಮನೆಯ ಕಾತ್ಯಾಯಿನಿ ಟೀಚರ್‌ಗೆ ಇಪ್ಪತ್ತೆರಡು ವರ್ಷದ ಸರ್ವಿಸ್. ಮಾತು ಅರಳು ಹುರಿದ ಹಾಗೆ...

ಅವರ ನಾಲ್ಕನೇ ಕ್ಲಾಸಿನಲ್ಲಿ ರಂಜಿತಾ ಎಂಬ ಹುಡುಗಿ. ಏನು ಕೇಳಿದರೂ ತುಟಿ ಅಲ್ಲಾಡುತ್ತದೆ, ಮಾತು ಬರುವುದಿಲ್ಲ.

"ಇವಳ ತಲೆಗೆ ಏನೂ ಹತ್ತಲ್ಲಮ್ಮ. ಬೇರೆ ಶಾಲೆ ನೋಡ್ಕೊಳ್ಳಿ" ಎಂದು ಟೀಚರ್ ಅವಳ ತಾಯಿಗೆ ಹೇಳಿಬಿಟ್ಟರು. ಶುಕ್ರವಾರ ಬಂದು ಟಿಸಿ ಒಯ್ಯಬೇಕು.

ಸುತ್ತಮುತ್ತ ಇರುವುದು ಅದೊಂದೇ ಶಾಲೆ... ಟಿಸಿ ಕೈಗೆ ಬಂದರೆ ಹುಡುಗಿಯ ಓದು ಅಲ್ಲಿಗೇ ಮುಗಿದಂತೆ.

ಅದೇ ವಾರ ಡಿ.ಎಡ್ ಓದುವ ಜಬೀನಾ ಪ್ರಾಜೆಕ್ಟ್‌ಗೆಂದು ಬಂದು ಹಿಂದಿನ ಬೆಂಚಿನಲ್ಲಿ ಕೂತಳು. ಕೈಯಲ್ಲಿ ಸ್ಟಾಪ್‌ವಾಚ್.

ಮೂರನೇ ದಿನ ಮೆಲ್ಲಗೆ ಹೇಳಿದಳು. "ಮಿಸ್, ಪ್ರಶ್ನೆ ಕೇಳಿದ್ಮೇಲೆ ನೀವು ಕಾಯೋದು ಒಂದೇ ಸೆಕೆಂಡು."

ಟೀಚರ್‌ಗೆ ಉರಿದುಹೋಯಿತು. "ಇದೂ ಒಂದು ರಿಸರ್ಚೇನಮ್ಮ? ನಾಳೆ ನನ್ನ ಸೀನನ್ನೂ ಅಳೀತೀಯಾ?"

ಜಬೀನಾ ನಕ್ಕು ಒಂದು ಪೊಟ್ಟಣ ಕೊಟ್ಟಳು. "ಪ್ರಶ್ನೆ ಕೇಳಿ ಒಂದು ಕಲ್ಲುಸಕ್ಕರೆ ಬಾಯಿಗೆ ಹಾಕ್ಕೊಳ್ಳಿ. ಕರಗೋ ತನಕ ಮಾತಾಡ್ಬೇಡಿ."

ಶುಕ್ರವಾರ... ರಂಜಿತಾಳ ತಾಯಿ ಕ್ಲಾಸಿನ ಬಾಗಿಲಲ್ಲಿ ಬಂದು ನಿಂತಿದ್ದಳು.

"ಆಲದ ಮರಕ್ಕೆ ಬಿಳಲು ಯಾಕೆ ಬೇಕು, ರಂಜಿತಾ?"

ಕೇಳಿದವರೇ ಟೀಚರ್, ಇದನ್ನೂ ಒಮ್ಮೆ ನೋಡೇಬಿಡೋಣ ಎಂದು, ಜಬೀನಾ ಕೊಟ್ಟ ಕಲ್ಲುಸಕ್ಕರೆ ಬಾಯಿಗೆ ಹಾಕಿಕೊಂಡರು. ಕೆನ್ನೆ ಉಬ್ಬಿತು. ಮಕ್ಕಳು ಕಿಸಕ್ಕನೆ ನಕ್ಕರು.

ಐದು ಸೆಕೆಂಡ್... ಹತ್ತು... ಬೈಗುಳ ನಾಲಿಗೆಯ ತುದಿಗೆ ಬಂತು. ಆದರೆ ಅಲ್ಲಿ ಜಾಗ ಇರಲಿಲ್ಲ.

ಹದಿನಾಲ್ಕನೇ ಸೆಕೆಂಡಿಗೆ ರಂಜಿತಾ ಬಾಯಿಬಿಟ್ಟಳು.

"ಕೊಂಬೆ ಉದ್ದ ಆದ್ರೆ ಭಾರ ಆಗುತ್ತೆ ಮಿಸ್... ಮುರೀಬಾರ್ದು ಅಂತ ಮರಾನೇ ಕಂಬ ಇಳಿಸ್ಕೊಳ್ಳುತ್ತೆ."

ಪುಸ್ತಕದಲ್ಲೂ ಇಷ್ಟು ಚೆನ್ನಾಗಿ ಬರೆದಿರಲಿಲ್ಲ.

ಟೀಚರ್ ಶಭಾಷ್ ಅನ್ನಬೇಕು... ಬಾಯಿ ತುಂಬ ಸಕ್ಕರೆ. ಕಣ್ಣೀರು ಮಾತ್ರ ಇಳಿಯಿತು.

ಹುಡುಗಿ ಇನ್ನೂ ನಿಂತೇ ಇದ್ದಳು. "ನಂಗೆ ಸುಮಾರು ಸಲ ಗೊತ್ತಿರುತ್ತೆ ಮಿಸ್. ಹೇಳೋಷ್ಟರಲ್ಲಿ ನೀವು ಪಕ್ಕದವರನ್ನ ಕೇಳ್ಬಿಡ್ತೀರಿ..."

ಟೀಚರ್ ಬಾಗಿಲಿಗೆ ಹೋಗಿ ತಾಯಿಯ ಎರಡೂ ಕೈ ಹಿಡಿದುಕೊಂಡರು. ಸಕ್ಕರೆ ಕರಗುವವರೆಗೂ ಬಿಡಲಿಲ್ಲ.

ಆಮೇಲೆ ಹೇಳಿದರು. "ಟಿಸಿ ಗಿಸಿ ಏನೂ ಬೇಡಮ್ಮ. ಅವಳದ್ದಲ್ಲ, ತಪ್ಪು ನಂದು."

ತಾಯಿ ಉಸ್ಸಪ್ಪಾ ಎಂದು ಹೊಸ್ತಿಲ ಮೇಲೇ ಕೂತುಬಿಟ್ಟಳು.

"ಐದು ದಿನದಿಂದ ಗಂಟಲಲ್ಲಿ ಅನ್ನ ಇಳಿದಿರ್ಲಿಲ್ಲ ಮೇಡಂ... ಇವತ್ತು ಉಣ್ತೀನಿ."

ಟೀಚರ್ ಪೊಟ್ಟಣದಿಂದ ಇನ್ನೊಂದು ಚೂರು ತೆಗೆದು ಆ ತಾಯಿಯ ಕೈಗೇ ಇಟ್ಟರು.

ಉತ್ತರ ಗೊತ್ತಿಲ್ಲದ ಮಕ್ಕಳಿಗಿಂತ, ಕಾಯಲು ಗೊತ್ತಿಲ್ಲದ ದೊಡ್ಡವರೇ ಹೆಚ್ಚು.

ನಿಮ್ಮ ಮನೆಯಲ್ಲಿ ಯಾರ ಮಾತು ಇನ್ನೂ ಆ ಹದಿನಾಲ್ಕನೇ ಸೆಕೆಂಡಿಗಾಗಿ ಕಾಯುತ್ತಿದೆ?