ಮೇಲಿಂದು, ಕೆಳಗಿಂದು

ಕಾರು ಶುರುವಾಯಿತು, ಆದರೆ ನೆಟ್ಟಗೆ ಉಸಿರಾಡಲಿಲ್ಲ. ಒಮ್ಮೆ ಎದೆ ಸೆಟೆಸಿ ಗುಡುಗಿತು, ಮರುಗಳಿಗೆಗೆ ದಮ್ಮು ಹತ್ತಿದವರಂತೆ ಕುಸಿಯಿತು. ಸ್ಟೇರಿಂಗಿನ ಹಿಂದೆ ಹಳದಿ ದೀಪ ಹತ್ತಿಕೊಂಡು ಕುಂತಿತು.

"ಲೇ ಜಗ್ಯಾ, ಏನ್ ಮಾಡಿ ಇಟ್ಟೀಲೇ ನನ್ನ ಗಾಡಿಗೆ?" ಶರಣು ಒಳಗಿಂದಲೇ ಚೀರಿದ.

"ಬಂದ್ ಮಾಡ್ರಿ, ನೋಡ್ತೇನಿ," ಎಂದ ಜಗದೀಶ, ಮತ್ತೆ ಕಾರಿನಡಿ ನುಸುಳಿದ. ಊರೆಲ್ಲ ತಿರುಗಿ ನೋಡುವ ಸೌಂಡು ಬೇಕೆಂದು ಶರಣು ಕಂಪನಿಯ ಸೈಲೆನ್ಸರ್ ಪೈಪು ಬಿಚ್ಚಿಸಿ, ಹುಬ್ಬಳ್ಳಿಯಿಂದ ಇಂಜಿನ್ನಿಗೆ ನಾಲ್ಕು ಕವಲಾಗಿ ಕೂಡುವ ಹೊಸ ಪೈಪು ತರಿಸಿದ್ದ. ಅದನ್ನು ಕೂರಿಸಿ ಹೋದವನು ಶಿಗ್ಗಾವಿಯ ಗ್ಯಾರೇಜಿನ ವಸೀಮ. ವೈರಿಂಗ್ ಉಳಿದದ್ದು ಜಗದೀಶನ ಪಾಲಿಗೆ. ಆ ಪೈಪಿನ ಮೇಲೆ ಎರಡು ಆಕ್ಸಿಜನ್ ಸೆನ್ಸರು. ಹೊಗೆಯ ವಾಸನೆ ನೋಡಿ ಇಂಜಿನ್ನಿಗೆ ಸುದ್ದಿ ಮುಟ್ಟಿಸುವುದು ಅವುಗಳ ಕೆಲಸ. ಹೊಸ ಪೈಪಿಗೆ ಹಳೆಯ ವೈರು ಗೇಣುದ್ದ ಸಾಲದಾಯಿತು. ಕತ್ತರಿಸಿ ಜೋಡಿಸಬೇಕಾಯಿತು. ಎರಡಕ್ಕೂ ಅವೇ ಬಿಳಿ, ಕರಿ, ಬೂದಿ ಬಣ್ಣದ ವೈರುಗಳು. "ಮ್ಯಾಲಿಂದು ಮ್ಯಾಲ, ಕೆಳಗಿಂದು ಕೆಳಗ, ಮರೀಬ್ಯಾಡ," ಅಂತ ವಸೀಮ ಇಂಜಿನ್ ಕಡೆಯ ವೈರುಗಳಿಗೆ ಚೀಟಿ ಅಂಟಿಸಿ ಹೇಳಿ ಹೋಗಿದ್ದ. ಜಗದೀಶ ಮರೆತಿರಲಿಲ್ಲ. ಹಂಗೇ ಮಾಡಿದ್ದ.

ಕಾರಿನ ಪಕ್ಕ ಒಂದು ಜೊತೆ ಚಪ್ಪಲಿ ಬಂದು ನಿಂತವು. ಶರಣುವಿನ ಅಪ್ಪ ಶಂಕ್ರಪ್ಪ. ಬೇವಿನ ಮರದಾಚೆ ಉರಿಯುತ್ತಿರುವ ಇಟ್ಟಂಗಿ ಭಟ್ಟಿ ಅವನದೇ. ಅದರ ಹೊಗೆ ಇಳಿಜಾರಿನಗುಂಟ ಕೆಳಗಿನ ಕೇರಿಗೆ ಹರಿಯುತ್ತದೆಂದು ಕೇರಿಯವರು ದೂರು ಕೊಟ್ಟಿದ್ದರು. ಎಲ್ಲರ ಮುಂದೆ ನಿಂತು ದೂರು ಹೇಳಿದವಳು ಜಗದೀಶನ ಅವ್ವ ಯಂಕವ್ವ. ವಿಚಾರಣೆಗೆ ತಾಲೂಕು ಕಚೇರಿಯ ಸಾಹೇಬರು ಇವತ್ತು ಬರುವವರಿದ್ದರು.

"ನೋಡಪಾ ಜಗದೀಶ," ಚಪ್ಪಲಿಗಳು ಮಾತಾಡಿದವು. ಹೆಸರು ಪೂರಾ ಕರೆದದ್ದಕ್ಕೇ ಜಗದೀಶನಿಗೆ ದಿಗಿಲಾಯಿತು. "ನಿಮ್ಮವ್ವಗ ಮೊದಲಿಂದೂ ಕೆಮ್ಮು. ಅದಕ್ಕ ನನ್ನ ಭಟ್ಟಿ ಏನ್ ಮಾಡೀತು? ಸಾಹೇಬ್ರ ಮುಂದ ಮ್ಯಾಲಿನ ಓಣಿಯವರು ನಾವು ಮಾತಾಡ್ತೇವಿ. ನೀ ಬರೇ ಹೂಂ ಅನ್ನು. ನನ್ನ ಟ್ರ್ಯಾಕ್ಟರು, ಲಾರಿ, ಎಲ್ಲಾ ವೈರಿಂಗ್ ಇನ್ನ ನಿಂದ."

"ಅಂದ್ರ... ನಾ ಹೂಂ ಅಂದ್ರ..."

"ಅಂದ್ರ ಉಂಡ್ಕೊಂಡು ಸುಖವಾಗಿರ್ತಿ. ಅನ್ನಲಿಲ್ಲಂದ್ರ ನಮ್ಮೂರಾಗ ಯಾರ ಗಾಡಿಗೂ ಕೈ ಹಚ್ಚೂದಿಲ್ಲ ನೀ."

ಚಪ್ಪಲಿಗಳು ಹೋದವು. ಜಗದೀಶನ ತಲೆಯೊಳಗೆ ವೈರುಗಳೆಲ್ಲ ಗಂಟಾದವು. ಅವ್ವನ ಕೆಮ್ಮೋ, ಹೊಟ್ಟೆಪಾಡಿನ ಕೆಲಸವೋ? ಯಾವುದನ್ನು ಯಾವುದಕ್ಕೆ ಜೋಡಿಸುವುದು? ಮಲಗಿದಲ್ಲಿಂದಲೇ ವಸೀಮನಿಗೆ ಫೋನು ಹಚ್ಚಿದ. ವಸೀಮ ಸವಣೂರಿನಲ್ಲಿ ಇನ್ಯಾರದೋ ಗಾಡಿಯಡಿ ಇದ್ದ.

"ವಸೀಮಭಾಯ್, ನೀ ಹೇಳಿದಂಗ ಮಾಡೇನಿ. ಮ್ಯಾಲಿಂದು ಮ್ಯಾಲ, ಕೆಳಗಿಂದು ಕೆಳಗ. ಗಾಡಿ ದಮ್ಮು ಹತ್ತಿದಂಗ ಮಾಡಾಕತ್ತೈತಿ."

"ಮ್ಯಾಲಿಂದು ಅಂದ್ರ ಯಾವದಂತ ತಿಳದಿ?"

"ಹಿಂದಿಂದು. ಹೊಸಾ ಪೈಪು ಮುಂದ ನೆಲದ ಕಡೆ ಇಳದು, ಹಿಂದ ಮ್ಯಾಲ ಹತ್ತೇತಿ."

"ಯಾ ಅಲ್ಲಾ!" ಆ ಕಡೆ ಸ್ಪ್ಯಾನರು ಬಿದ್ದ ಸದ್ದು. "ಮ್ಯಾಲ ಕೆಳಗ ನೆಲಾ ನೋಡಿ ಹೇಳೂದಲ್ಲೋ ಮಾರಾಯಾ, ಹೊಗಿ ನೋಡಿ ಹೇಳೂದು. ಹೊಗಿ ಮೊದಲು ಯಾವದಕ್ಕ ಬಡಿತೈತಿ, ಅದ ಮ್ಯಾಲಿಂದು."

"ಕೆಳಗಿದ್ರೂ?"

"ಪಾತಾಳದಾಗಿದ್ರೂ ಅದ ಮ್ಯಾಲಿಂದು! ಇಂಜಿನ್ನು ಅದರ ಮಾತು ಕೇಳೇ ಪೆಟ್ರೋಲ್ ಹೆಚ್ಚುಕಡಿಮಿ ಮಾಡೂದು. ಹಿಂದಿಂದರ ಮಾತು ಕೇಳಿದ್ರ ಗಾಡಿ ಕೆಟ್ಟಂಗ."

ಜಗದೀಶ ಜೋಡಿಸಿದ್ದ ವೈರುಗಳನ್ನು ಬಿಚ್ಚಿದ, ಅದಲು ಬದಲು ಮಾಡಿ ಜೋಡಿಸಿ ಕರಿ ಟೇಪು ಸುತ್ತಿದ. ಶರಣು ಕೀಲಿ ತಿರುವಿದ. ಈ ಸಲ ಇಂಜಿನ್ನು ಒಂದೇ ಲಯದಲ್ಲಿ ನಿಂತಿತು. ವಸೀಮ ಕೊಟ್ಟುಹೋಗಿದ್ದ ಸ್ಕ್ಯಾನರು ಹಚ್ಚಿ ಹಳೆಯ ತಕರಾರು ಅಳಿಸಿದ ಮೇಲೆ ಹಳದಿ ದೀಪವೂ ಕಣ್ಣು ಮುಚ್ಚಿತು. ಗಾಡಿಯೇನೋ ಸರಿಹೋಯಿತು, ಜಗದೀಶ ಸರಿಹೋಗಲಿಲ್ಲ. ಹೂಂ ಅನ್ನುವುದೋ ಉಹೂಂ ಅನ್ನುವುದೋ ಇನ್ನೂ ಬಗೆಹರಿದಿರಲಿಲ್ಲ. ಅಷ್ಟರಲ್ಲಿ ಜೀಪು ಬಂದು ನಿಂತಿತು.

ಬೇವಿನ ನೆರಳಿಗೆ ಮೇಲಿನ ಓಣಿಯವರು ಕುರ್ಚಿ ಹಾಕಿಕೊಂಡು ಕೂತರು. ಕೇರಿಯವರು ಬಿಸಿಲಲ್ಲಿ ನಿಂತರು, ಯಂಕವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡು. ಸಾಹೇಬರು ಎರಡೂ ಗುಂಪು ನೋಡಿ, ಅವಸರದಲ್ಲಿ ಪೆನ್ನು ತೆಗೆದರು.

"ಮೊದಲು ಮೇಲಿನವರು ಹೇಳಿ. ಹೊಗೆಯ ತೊಂದರೆ ಇದೆಯೋ ಇಲ್ಲವೋ?"

ಶಂಕ್ರಪ್ಪ ಗಂಟಲು ಸರಿಮಾಡಿಕೊಂಡು ಏಳುವಷ್ಟರಲ್ಲಿ ಜಗದೀಶ ಒಂದು ಹೆಜ್ಜೆ ಮುಂದೆ ಬಂದಾಗಿತ್ತು. ಕಾಲು ಯಾಕೆ ಮುಂದೆ ಬಂತೋ ಅವನಿಗೇ ತಿಳಿಯಲಿಲ್ಲ. ಕೈಯಲ್ಲಿ ಕರಿ ಟೇಪಿನ ಸುರುಳಿ ಹಂಗೇ ಇತ್ತು.

"ಲೇ ಖೋಡಿ, ನಿನ್ನಲ್ಲ! ಮ್ಯಾಲಿನವರನ್ನ ಕರದಾರ," ಶರಣು ಗದರಿದ.

"ನಾವ ರೀ ಮ್ಯಾಲಿನವರು," ಜಗದೀಶನ ಬಾಯಿಂದ ಬಿತ್ತು.

ನೆರಳಿನಲ್ಲಿದ್ದವರು ಹೋ ಎಂದು ನಕ್ಕರು. ಸಾಹೇಬರು ಕನ್ನಡಕದ ಮೇಲಿಂದ ನೋಡಿದರು. "ನೀನು ಯಾವ ಓಣಿಯವನಪ್ಪಾ?"

"ಕೆಳಗಿನ ಕೇರಿಯಾಂವ್ರಿ."

"ಮತ್ತೆ ಮೇಲಿನವನು ಹೇಗಾದೆ?"

ಜಗದೀಶ ಕಕ್ಕಾಬಿಕ್ಕಿಯಾದ. ಭಟ್ಟಿಯನ್ನು ನೋಡಿದ, ಕಾರನ್ನು ನೋಡಿದ. ಕಾರಿನ ಮಾತು ಹೇಳುವುದೋ, ಕೇರಿಯ ಮಾತು ಹೇಳುವುದೋ, ಎರಡೂ ಒಂದೆಯೋ? ಹಿಂದೆ ಯಂಕವ್ವನಿಗೆ ಕೆಮ್ಮು ಹತ್ತಿತು; ಬಿಡದೆ ಹತ್ತಿತು. ನಗು ನಿಂತಿತು.

"ಹೊಗಿ ಮೊದಲು ನಮಗ ಬಡಿತೈತ್ರಿ," ಎಂದ.