ಕುಂದ್ರಾಕ ಹಾಕಿಸಿದ ಹುಲ್ಲು

ಮನೆಯ ಮುಂದಿನ ಹುಲ್ಲು ಮೊಣಕಾಲಿಗೆ ಬಂದಿತ್ತು. ಅದನ್ನು ಕತ್ತರಿಸುವುದು ಹೇಗೆಂದು ಮರಿಬಸಪ್ಪನವರು ಇನ್ನೂ ವಿಚಾರ ಮಾಡುತ್ತಲೇ ಇದ್ದರು. ಆದೋನಿಯ ಹತ್ತಿ ಮಾರುಕಟ್ಟೆಯಲ್ಲಿ ಎಂಥ ವ್ಯಾಪಾರವನ್ನೂ ನಿಂತ ಕಾಲಲ್ಲೇ ಮುಗಿಸುವ ಮನುಷ್ಯನಿಗೆ ಇದೊಂದು ಮಾತ್ರ ಬಗೆಹರಿಯದ ವ್ಯಾಜ್ಯವಾಗಿತ್ತು.

“ಗಾದಿಲಿಂಗಮ್ಮಗ ಹೇಳಿದ್ರ ಕುಡುಗೋಲು ತಂದು ಕೊಯ್ದು, ಎಮ್ಮಿಗೆ ಒಯ್ತಾಳ್ರಿ,” ಎಂದಳು ಹೆಂಡತಿ ಗುರುಬಸಮ್ಮ.

“ಕುಡುಗೋಲಾ! ಲಾನ್ ಅಂದ್ರ ಜ್ವಾಳದ ಹೊಲ ಅಂತ ತಿಳ್ಕೊಂಡಿ ಏನು? ಒಂದು ಕಡೆ ಗಿಡ್ಡ, ಒಂದು ಕಡೆ ಉದ್ದ, ಲೆವೆಲ್ಲೆಲ್ಲಾ ಕೆಟ್ಟು ಹೋಗತೈತಿ.”

“ಹಂಗಾರ ಕುರಿ ಬಿಡಿಸ್ರಿ.”

“ಹಿಕ್ಕಿ ಯಾರು ಆರಸಬೇಕು, ನೀನೇನು?”

ಪ್ರವಾಸಿ ಬಂಗಲೆಯ ಮಾಲಿ ದೊಡ್ಡ ಕತ್ತರಿ ಹಿಡಿದು ತಾನಾಗಿಯೇ ಬಂದಿದ್ದ. ಕತ್ತರಿ ಆಡಿಸಿದರೆ ಅರೆಬರೆ ಕ್ಷೌರವಾದ ಹಾಗೆ ಕಾಣುತ್ತದೆ ಎಂದು ಅವನನ್ನೂ ಕಳಿಸಿದ್ದಾಗಿತ್ತು. ಗುರುಬಸಮ್ಮನಿಗೆ ತಲೆ ಚಿಟ್ಟು ಹಿಡಿಯಿತು. ಪೇಟೆಯ ಓಣಿ ಬಿಟ್ಟು ಊರಾಚೆಯ ಈ ಹೊಸ ಮನೆಗೆ ಬಂದಾಗ ಇಲ್ಲಿ ಬರೀ ಮಣ್ಣಿನ ಅಂಗಳವಿತ್ತು. ಸಂಜೆಯಾದರೆ ಹಳೆಯ ಓಣಿಯ ಗಾದಿಲಿಂಗಮ್ಮ, ಶಾಂತಕ್ಕ ಅಷ್ಟು ದೂರ ನಡೆದು ಬಂದು ಕೂರುತ್ತಿದ್ದರು; ಶೇಂಗಾ ಸುಲಿಯುತ್ತ ಊರ ಸುದ್ದಿಯನ್ನೆಲ್ಲ ಜಾಲಾಡುತ್ತಿದ್ದರು. ಆಮೇಲೆ ಯಜಮಾನರು ಮುಂಬಯಿಯಲ್ಲಿ ಯಾರೋ ಮಿಲ್ಲಿನ ಮಾಲಿಕರ ಬಂಗಲೆ ನೋಡಿ ಬಂದರು, ಅಂಗಳಕ್ಕೆ ಹುಲ್ಲು ಬಂತು. ಊರಿಗೆ ಊರೇ ಬಿಂದಿಗೆ ಹಿಡಿದು ನಲ್ಲಿಯ ಮುಂದೆ ನಿಂತ ಬೇಸಿಗೆಯಲ್ಲೂ ಈ ಹುಲ್ಲಿಗೆ ನೀರು ತಪ್ಪಲಿಲ್ಲ. “ತುಳೀಬ್ಯಾಡ್ರಿ, ತುಳೀಬ್ಯಾಡ್ರಿ” ಎಂದು ಯಜಮಾನರು ಜಗುಲಿಯಿಂದ ಕೂಗಿದ್ದೇ ತಡ, ಗೆಳತಿಯರು ಬರುವುದನ್ನೇ ಬಿಟ್ಟರು.

“ನಿನಗ ಕುಂದ್ರಾಕಂತನ ಹಾಕಿಸೀನಲ್ಲ,” ಎಂದರು ಮರಿಬಸಪ್ಪನವರು, ತಮ್ಮ ತಪ್ಪೇನೆಂದು ನಿಜವಾಗಿಯೂ ತಿಳಿಯದೆ.

“ಕುಂತರ ಏಳು ಅಂತೀರಿ! ಸಂಜಿ ಆತಂದ್ರ ನಾನು ಗ್ವಾಡಿ ಕೂಡ ಮಾತಾಡಬೇಕಾಗೈತಿ. ಇದನ್ನ ಕೊಯ್ಸತೀರೋ ಇಲ್ಲೋ, ಒಂದು ಮಾತು ಹೇಳಿಬಿಡ್ರಿ.”

“ಫಿಕರ್ ಮಾಡಬ್ಯಾಡ. ಹುಲ್ಲು ಕೊಯ್ಯೋ ಮಷೀನ್ ತರಸ್ತೀನಿ.”

ಮದರಾಸಿನಿಂದ ರೈಲಿನಲ್ಲಿ ಆ ಕೈಮಷೀನು ಬಂದಿಳಿಯುವಷ್ಟರಲ್ಲಿ ಹುಲ್ಲು ತೊಡೆ ಮುಟ್ಟಿತ್ತು. ಮರಿಬಸಪ್ಪನವರು ಅದಕ್ಕೆ ವಿಭೂತಿ ಹಚ್ಚಿ, ಕಾಯಿ ಒಡೆದು, ಧೋತರ ಎತ್ತಿ ಕಟ್ಟಿಕೊಂಡು ತಳ್ಳಿದರು. ಒಂದು ಮಾರು ದೂರ ಹೋಗುವುದರೊಳಗೆ ಹುಲ್ಲೆಲ್ಲ ಅಲಗುಗಳಿಗೆ ಸುತ್ತಿಕೊಂಡು ಮಷೀನು ನಿಂತುಬಿಟ್ಟಿತು. ಎಳೆದರು, ಬೈದರು, ಯಾರೂ ನೋಡುತ್ತಿಲ್ಲವೆಂದು ಒಂದು ಸಲ ಒದ್ದೂ ನೋಡಿದರು. ಕೊನೆಗೆ ಟ್ರಂಕ್ ಕಾಲ್ ಹಾಕಿ, ಮದರಾಸಿನ ಅಂಗಡಿಯವನ ಮೇಲೆ ಅರ್ಧ ತೆಲುಗು ಅರ್ಧ ಇಂಗ್ಲಿಷಿನಲ್ಲಿ ಗಂಟಲು ಹರಿಯುವಂತೆ ಕಿರುಚಾಡಿದರು. ಫೋನಿಟ್ಟು ಹೊರಗೆ ಬಂದಾಗ ಅವರ ಮುಖ ಇಳಿದುಹೋಗಿತ್ತು.

“ಏನಂದ?” ಎಂದು ಕೇಳಿದಳು ಗುರುಬಸಮ್ಮ.

“ಮೊದಲ ಕುಡುಗೋಲಿಲೆ ಸಣ್ಣಗ ಕೊಯ್ಕೋಬೇಕಂತ. ಆಮ್ಯಾಲೆ ಮಷೀನಂತ.”

ಅವಳಿಗೆ ನಗು ಬರಲಿಲ್ಲ, ಸಿಟ್ಟೇ ಬಂತು. ಇಷ್ಟು ಸಂಜೆಗಳು ಸುಮ್ಮಸುಮ್ಮನೆ ಹಾಳಾದವಲ್ಲ! ಸೆರಗು ಹೊದ್ದುಕೊಂಡು ತಾನೇ ಹಳೆಯ ಓಣಿಗೆ ನಡೆದಳು.

ಗಾದಿಲಿಂಗಮ್ಮ ಎಮ್ಮೆ ಹಿಂಡುತ್ತಿದ್ದಳು. ವಿಷಯ ಕೇಳಿಯೂ ಮುಖ ಎತ್ತಲಿಲ್ಲ. “ಆ ಹುಲ್ಲು ನಾವು ತುಳದ್ರ ಪರವಾಲೇದಾ ಅಕ್ಕಾ? ಸಾವ್ಕಾರ್ರನ್ನ ಕೇಳಿ ಬಂದೀ?”

“ಅವರನ್ನ ಕೇಳಾಕ ಹೋಗಿಲ್ಲ, ನಿನ್ನ ಕೇಳಾಕ ಬಂದೀನಿ. ಬಾರವ್ವ, ನೀವಿಬ್ಬರೂ ಇಲ್ಲದ ನನಗ ಹೊತ್ತ ಹೋಗವಲ್ದು.”

ಅಷ್ಟಕ್ಕೇ ಗಾದಿಲಿಂಗಮ್ಮನ ಬಿಗುಮಾನ ಕರಗಿತು. ಮರುದಿನ ಮಧ್ಯಾಹ್ನ ಶಾಂತಕ್ಕನನ್ನೂ ಕರೆದುಕೊಂಡು ಕುಡುಗೋಲು ಹಿಡಿದು ಬಂದಳು. ಕೊಯ್ದದ್ದಕ್ಕಿಂತ ಆಡಿದ ಮಾತೇ ಹೆಚ್ಚು. ಕೌತಾಳದ ಬಸ್ಸಿನಲ್ಲಿ ಯಾರ ಸೊಸೆ ಮುನಿಸಿಕೊಂಡು ತವರಿಗೆ ಹೋದಳು, ಪೇಟೆಯಲ್ಲಿ ಯಾರ ಅಣ್ಣತಮ್ಮಂದಿರು ಮನೆಯ ನಡುವೆ ಗೋಡೆ ಎಬ್ಬಿಸಿದರು, ಎಲ್ಲ ಬಾಕಿ ಸುದ್ದಿಯೂ ಅಂದೇ ಹೊರಗೆ ಬಂತು. ಗುರುಬಸಮ್ಮ ಹುಲ್ಲು ಬಾಚಿ ಕೊಡುತ್ತ, ಬಾಯ್ತುಂಬ ನಗುತ್ತ, ಒಲೆಯ ಮೇಲಿಟ್ಟ ಹಾಲನ್ನು ಮರೆತು ಉಕ್ಕಿಸಿದಳು. ಬಿಸಿಲು ಇಳಿಯುವ ಹೊತ್ತಿಗೆ ಹೊರೆಗಳು ಕಂಪೌಂಡಿನ ಪಕ್ಕದಲ್ಲಿ ನಿಂತಿದ್ದವು. ಗೆಳತಿಯರಿಬ್ಬರೂ ಅಂಗಳದ ನಟ್ಟನಡುವೆ ಕುಳಿತರು, ಅವಳು ಚಹಾ ತಂದುಕೊಟ್ಟಳು.

ಆಗ ಮನೆಯ ಹಿಂದಿನಿಂದ ಗಾಲಿಗಳ ಕಿರಕಿರ ಕೇಳಿಸಿತು. ಅಲಗಿಗೆ ಸುತ್ತಿದ್ದ ಹುಲ್ಲನ್ನೆಲ್ಲ ಬಿಡಿಸಿ, ಎಣ್ಣೆ ಹಾಕಿ, ಮರಿಬಸಪ್ಪನವರು ಹೊಸ ಹುರುಪಿನಿಂದ ಮಷೀನು ತಳ್ಳಿಕೊಂಡು ಬರುತ್ತಿದ್ದರು.

“ಕೊಯ್ಯೋದು ಆತಲ್ಲ, ಏಳ್ರಿ, ಜಲ್ದಿ ಏಳ್ರಿ! ಇನ್ನ ಕಾಯಂ ಇದನ್ನ ಸಪಾಟ್ ಇಡಬೇಕು. ಇವತ್ತಿನಿಂದ ಇದರ ಮ್ಯಾಲೆ ಯಾರೂ ಕಾಲಿಡಾಂಗಿಲ್ಲ.”

ಶಾಂತಕ್ಕ ಗಾಬರಿಯಾಗಿ ಲೋಟ ಕೆಳಗಿಟ್ಟು ಏಳತೊಡಗಿದಳು. ಗಾದಿಲಿಂಗಮ್ಮನ ಮುಖ ಬಿಗಿಯಿತು, ಹೊರಡಲೆಂದು ಕುಡುಗೋಲಿಗೆ ಕೈ ಹಾಕಿದಳು. ಇವರು ಈಗ ಎದ್ದು ಹೋದರೆ ಇನ್ನು ಎಂದೂ ಬರುವುದಿಲ್ಲವೆಂದು ಗುರುಬಸಮ್ಮನಿಗೆ ಗೊತ್ತಾಯಿತು. ಶಾಂತಕ್ಕನ ಭುಜ ಹಿಡಿದು ಕೂರಿಸಿದಳು. ತಾನೂ ಅವರಿಬ್ಬರ ನಡುವೆ ಕುಳಿತು, ಎರಡೂ ಕಾಲು ಉದ್ದಕ್ಕೆ ಚಾಚಿಕೊಂಡಳು.

“ನೀವು ತಳ್ಳಿಕೋಂತ ಬರ್ರಿ,” ಎಂದಳು ಗಂಡನಿಗೆ. “ಮಷೀನ್ ಹತ್ರ ಬಂದಾಗ ನಾವು ಕಾಲು ಎತ್ತತೀವಿ.”