ಕೀಲಿ ಯಾರ ಬಲ್ಲಿ?

“ಪಾಲಿಂದು ಬ್ಯಾಡಂದ್ರ ಬ್ಯಾಡ!” ಶಿವಕಾಂತಮ್ಮ ಟೇಬಲ್ ಬಡಿದ ರಭಸಕ್ಕೆ, ಆಕೆಯೇ ಕಮಲಾಪುರದ ತೋಟದಿಂದ ತಂದಿದ್ದ ಕೆಂಪು ಬಾಳೆಹಣ್ಣೊಂದು ಉರುಳಿ ಕೀಬೋರ್ಡಿಗೆ ತಾಗಿತು.

ಜೇವರ್ಗಿ ಕಾಲೋನಿಯಲ್ಲಿ ವೆಬ್‌ಸೈಟ್ ಮಾಡಿಕೊಡುವ ಮೌನೇಶನಿಗೆ ತಲೆ ಸಿಡಿಯುವುದೊಂದು ಬಾಕಿ. ಬೆಳಗಿನಿಂದ ಇದೇ ರಾಗ. “ಅಕ್ಕಾರ, ನಿಮ್ಮದು ನಾಕ ಪೇಜಿನ ಸೈಟ್. ಶೇರ್ಡ್ ಹೋಸ್ಟಿಂಗ್ ಅಂದ್ರ ಒಂದೇ ಸರ್ವರ್‌ದಾಗ ಬಾಳ ಮಂದಿ ಸೈಟ್ ಇರ್ತಾವ, ಅಷ್ಟ. ನಿಮಗ ಅದು ಬೇಕಾದಷ್ಟಾತು. ಹಣ್ಣು ಮಾರಾಕ ಇಡೀ ಸರ್ವರ್ ಯಾಕ್ರೀ?”

“ಮೈದುನನ ಜೋಡಿ ನಮ್ಮ ಬಾವೀನೂ ಪಾಲಿಂದೇ ಇತ್ತು.”

“ನೀರು ಸಾಲಲಿಲ್ಲೇನ್ರಿ?”

“ನೀರಿಗೇನು, ಬೇಕಾದಷ್ಟಿತ್ತು. ಮೋಟರ್ ಖೋಲಿ ಕೀಲಿ ಅವನ ಬಲ್ಲಿ ಇತ್ತು. ಬಾಳಿಗಿ ನೀರು ಬಿಡಬೇಕಂದ್ರ ಪ್ರತಿ ಸಲ ಅವನ ಬಾಗಿಲಾಗ ಹೋಗಿ ನಿಂದ್ರಬೇಕು. ಊಟ ಮಾಡಾಕತ್ತೀನಿ ವೈನಿ, ಆಮ್ಯಾಲ ಬರ್ರಿ ಅಂತಿದ್ದ.”

ಮೌನೇಶ ಪರದೆಯತ್ತ ತಿರುಗಿದ. ಎಲ್ಲ ಗಿರಾಕಿಗಳಿಗೆ ಮಾಡುವಂತೆ ಈಕೆಯ ಹೋಸ್ಟಿಂಗ್ ಖಾತೆಯನ್ನೂ ಅವನು ತನ್ನ ಹೆಸರಿನಲ್ಲೇ ತೆರೆಯುತ್ತಿದ್ದ. ನಾಳೆ ಸೈಟಿನಲ್ಲಿ ಹಣ್ಣಿನ ದರ ಬದಲಿಸಬೇಕೆಂದರೂ ಆಕೆ ಅವನಿಗೇ ಫೋನ್ ಮಾಡಬೇಕು. ಊಟದ ಹೊತ್ತಿನಲ್ಲಿ ಅವನು ಫೋನ್ ಎತ್ತುವುದಿಲ್ಲ.

“ಸರ್ವರ್ ಪಾಲಿಂದೇ ಇರ್ಲಿ ಅಕ್ಕಾರ,” ಎನ್ನುತ್ತಾ ತನ್ನ ಹೆಸರು ಅಳಿಸಿ ಆಕೆಯದನ್ನು ಟೈಪ್ ಮಾಡಿದ. ಪಾಸ್‌ವರ್ಡ್ ಕೇಳುವ ಜಾಗ ಬಂದಾಗ ಕೀಬೋರ್ಡನ್ನು ಆಕೆಯ ಮುಂದೆ ಸರಿಸಿ, ಕುರ್ಚಿ ತಿರುಗಿಸಿಕೊಂಡು ಗೋಡೆಗೆ ಮುಖ ಮಾಡಿ ಕೂತ.